ಎಲ್ಕ್ ಬೇಟೆಗೆ ಮಧ್ಯಮ ಬೆಲೆಯ ರೈಫಲ್ ಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಲರಾಡೊದ ಬೆಟ್ಟಗಳಲ್ಲಿ ರೈಫಲ್ ಬೇಟೆಯ ಕಾಲ ಮುಖ್ಯವಾಗಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಬರುತ್ತದೆ. ಅಮೆರಿಕದ ರಾಜ್ಯಗಳ ಪೈಕಿ ಅತಿ ಹೆಚ್ಚು ಎಲ್ಕ್ ಇರುವುದು ಇಲ್ಲಿಯೇ. ಎಲ್ಕ್ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ ಪ್ರಾಣಿ. ಬಲಿತ ಗಂಡು 300 ಕಿಲೋ ತೂಕವನ್ನು ಸುಲಭವಾಗಿ ದಾಟುತ್ತದೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮೊದಲ ಸಲ ಬೇಟೆಯ ಪರವಾನಗಿ ಪಡೆದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಬಂದೂಕಿಗಿಂತ ಅದರ ಮೇಲೆ ಕೂರಿಸುವ, ಗುರಿಯನ್ನು ಹಿಗ್ಗಿಸಿ ತೋರಿಸುವ ಸ್ಕೋಪಿನ ಕುರಿತಾದವೇ ಹೆಚ್ಚು. ಕೊಡಗಿನಲ್ಲಿ ಕೋವಿಯ ಜೊತೆಗೇ ಬೆಳೆದು, ಈ ಬೆಟ್ಟಗಳಲ್ಲಿ ಹಲವು ವರ್ಷ ಎಲ್ಕ್ ಹಿಂದೆ ನಡೆದಿರುವ ನಾನು, ಆ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಮಧ್ಯಮ ಬೆಲೆ ಎಂದರೆ ಎಷ್ಟು?

ನಾನು ಈ ಮಾತನ್ನು ಸುಮಾರು 400ರಿಂದ 800 ಡಾಲರ್‌ಗಳ ನಡುವಿನ ಸ್ಕೋಪುಗಳಿಗೆ ಬಳಸುತ್ತೇನೆ. 150 ಡಾಲರ್‌ನ ಸ್ಕೋಪಿಗೂ 500 ಡಾಲರ್‌ನದಕ್ಕೂ ಇರುವ ವ್ಯತ್ಯಾಸ ಸಂಜೆ ಕಾಡಂಚಿನಲ್ಲಿ ಕುಳಿತವರಿಗೆ ತಕ್ಷಣ ಗೊತ್ತಾಗುತ್ತದೆ. ಆದರೆ 700 ಡಾಲರ್‌ನದಕ್ಕೂ 2,000 ಡಾಲರ್‌ನದಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಲು ಪಳಗಿದ ಕಣ್ಣು ಬೇಕು, ಮತ್ತು 300 ಗಜದೊಳಗಿನ ಬೇಟೆಯಲ್ಲಿ ಆ ವ್ಯತ್ಯಾಸದಿಂದ ಫಲಿತಾಂಶ ಬದಲಾಗುವುದು ಅಪರೂಪ. ಬಂದೂಕಿನಷ್ಟೇ ಬೆಲೆಯನ್ನು ಸ್ಕೋಪಿಗೂ ಕೊಡಬೇಕಾಗುತ್ತದೆ ಎಂದಾಗ ಹೊಸಬರು ಬೆಚ್ಚುತ್ತಾರೆ. ಇಂದು ಸಾಧಾರಣ ಬೆಲೆಯ ಬಂದೂಕುಗಳು ಕೂಡ ತುಂಬ ನಿಖರವಾಗಿ ಹೊಡೆಯುತ್ತವೆಯಾದ್ದರಿಂದ, ಹಣ ಉಳಿಸುವುದಿದ್ದರೆ ಬಂದೂಕಿನಲ್ಲಿ ಉಳಿಸಿ ಎಂಬುದೇ ನನ್ನ ಸಲಹೆ.

3-9×40 ಎಂಬ ಅಂಕಿಗಳ ಅರ್ಥವೇನು? ಅಂಕಿ ದೊಡ್ಡದಾದಷ್ಟೂ ಒಳ್ಳೆಯದಲ್ಲವೇ?

ಮೊದಲ ಎರಡು ಅಂಕಿಗಳು ದೃಶ್ಯವನ್ನು ಮೂರರಿಂದ ಒಂಬತ್ತು ಪಟ್ಟಿನವರೆಗೆ ಹಿಗ್ಗಿಸಿ ತೋರಿಸಬಹುದೆಂದು ಹೇಳುತ್ತವೆ; ಕೊನೆಯ ಅಂಕಿ ಮುಂದಿನ ಗಾಜಿನ ವ್ಯಾಸವನ್ನು ಮಿಲಿಮೀಟರ್‌ಗಳಲ್ಲಿ ಹೇಳುತ್ತದೆ. ದೊಡ್ಡ ಅಂಕಿಯ ಮೋಹಕ್ಕೆ ನಾನೂ ಬಿದ್ದವನೇ. ಇಲ್ಲಿನ ನನ್ನ ಎರಡನೆಯ ಬೇಟೆಯ ವರ್ಷ 6ರಿಂದ 18 ಪಟ್ಟು ಹಿಗ್ಗಿಸುವ ಸ್ಕೋಪನ್ನು ಕೊಂಡು, ದೂರದ ಇಳಿಜಾರನ್ನು ನೋಡುತ್ತ ಅದನ್ನು 18ರಲ್ಲೇ ಬಿಟ್ಟು ಆಸ್ಪೆನ್ ಮರಗಳ ನಡುವೆ ನಡೆಯುತ್ತಿದ್ದೆ. ನಲವತ್ತು ಗಜದಲ್ಲಿ ಒಂದು ಎಲ್ಕ್ ಎದ್ದು ನಿಂತಿತು. ಬಂದೂಕನ್ನು ಹೆಗಲಿಗೆ ತಂದಾಗ ಕಂಡದ್ದು ಕಂದು ಬಣ್ಣದ ಕೂದಲು ಮಾತ್ರ. ಅದು ಭುಜವೋ, ಹೊಟ್ಟೆಯೋ, ಪೃಷ್ಠವೋ ತಿಳಿಯಲಿಲ್ಲ. ಪಟ್ಟು ಬದಲಿಸುವ ಉಂಗುರವನ್ನು ತಿರುಗಿಸಿ ಮತ್ತೆ ನೋಡುವಷ್ಟರಲ್ಲಿ ಅಲ್ಲಿ ಅಲುಗುತ್ತಿರುವ ಕೊಂಬೆಯಷ್ಟೇ ಇತ್ತು. 18 ಪಟ್ಟು ಹಿಗ್ಗಿಸಿದಾಗ 100 ಗಜದಲ್ಲಿ ಕಾಣುವ ಅಗಲವೇ ಸುಮಾರು ಆರು ಅಡಿ. 40 ಗಜದಲ್ಲಿ ಅದು ಎರಡೂವರೆ ಅಡಿಗೆ ಇಳಿಯುತ್ತದೆ. ಏಳೆಂಟು ಅಡಿ ಉದ್ದದ ಪ್ರಾಣಿಯನ್ನು ಆ ಕಿಂಡಿಯಲ್ಲಿ ನೋಡಿದರೆ ಕೂದಲಲ್ಲದೆ ಬೇರೇನು ಕಂಡೀತು? ಅದೇ ಮೂರು ಪಟ್ಟಿನಲ್ಲಿ 100 ಗಜಕ್ಕೆ ಮೂವತ್ತು ಅಡಿಗೂ ಹೆಚ್ಚು ಅಗಲ ಕಾಣುತ್ತದೆ.

ಆದ್ದರಿಂದ ಕೆಳಗಿನ ಅಂಕಿಯನ್ನು ಮೊದಲು ನೋಡಿ. ಅದು 2 ಅಥವಾ 3 ಇರಲಿ. ಮೇಲಿನದು 9, 10 ಅಥವಾ 12 ಇದ್ದರೆ ಎಲ್ಕ್‌ಗೂ ಇಲ್ಲಿನ ಜಿಂಕೆಯಾದ ಮ್ಯೂಲ್ ಡಿಯರ್‌ಗೂ ಧಾರಾಳ ಸಾಕು. ನಡೆಯುವಾಗ ಉಂಗುರ ಸದಾ ಕೆಳಗಿನ ಅಂಕಿಯಲ್ಲಿರಲಿ. ದೂರದ ಪ್ರಾಣಿ ಕಂಡಾಗ ಹೆಚ್ಚಿಸಿಕೊಳ್ಳಲು ಸಮಯವಿರುತ್ತದೆ, ಹತ್ತಿರದ ಪ್ರಾಣಿ ಆ ಸಮಯವನ್ನು ಕೊಡುವುದಿಲ್ಲ.

ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣಬೇಕಾದರೆ 50 ಮಿಲಿಮೀಟರ್ ಗಾಜು ಬೇಕೇ?

ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಸ್ಕೋಪಿಗೆ ಕೊಟ್ಟ ಹಣ ಸಾರ್ಥಕವಾಯಿತೇ ಎಂಬುದು ಇತ್ಯರ್ಥವಾಗುವುದೇ ಈ ಹೊತ್ತಿನಲ್ಲಿ. ಕೊಲರಾಡೊದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ನಂತರದ ಅರ್ಧ ಗಂಟೆಯವರೆಗೆ ಗುಂಡು ಹಾರಿಸಲು ಅನುಮತಿಯಿದೆ. ಎಲ್ಕ್ ಹಗಲೆಲ್ಲ ದಟ್ಟ ಮರಗಳ ನೆರಳಿನಲ್ಲಿ ಮಲಗಿದ್ದು ಹುಲ್ಲುಗಾವಲಿಗೆ ಇಳಿಯುವುದು ಹೆಚ್ಚಾಗಿ ಈ ಎರಡು ಅರ್ಧ ಗಂಟೆಗಳ ಆಸುಪಾಸಿನಲ್ಲಿ.

ಮುಂದಿನ ಗಾಜಿನ ವ್ಯಾಸವನ್ನು ಆಗ ಇಟ್ಟುಕೊಂಡಿರುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ದಪ್ಪ ಸಿಗುತ್ತದೆ. 40 ಮಿಲಿಮೀಟರ್ ಗಾಜಿನಲ್ಲಿ ಒಂಬತ್ತು ಪಟ್ಟಿಗೆ ಅದು 4.4 ಮಿಲಿಮೀಟರ್, ಆರು ಪಟ್ಟಿಗೆ 6.7 ಮಿಲಿಮೀಟರ್. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ. ವಯಸ್ಸಾದಂತೆ 5ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬೆಳಕು ಕುಂದಿದಾಗ 40 ಮಿಲಿಮೀಟರ್ ಸ್ಕೋಪನ್ನು ಆರು ಪಟ್ಟಿಗೆ ಇಳಿಸಿದರೆ ನಮ್ಮ ಕಣ್ಣು ಹೀರಬಲ್ಲ ಬೆಳಕು ಬಹುಮಟ್ಟಿಗೆ ಒಳಗೆ ಬಂದೇ ಬರುತ್ತದೆ. 50 ಮಿಲಿಮೀಟರ್ ಗಾಜಿನಿಂದ ಒಂಬತ್ತು ಪಟ್ಟಿನಲ್ಲಿ ತುಸು ಲಾಭವಿರುವುದು ನಿಜ, ಆದರೆ ಅದು ತೂಕವನ್ನೂ ಹೆಚ್ಚಿಸುತ್ತದೆ, ನಳಿಗೆಯಿಂದ ಇನ್ನಷ್ಟು ಎತ್ತರದಲ್ಲಿ ಕೂರಬೇಕಾಗಿ ಬಂದು ಕೆನ್ನೆ ಬಂದೂಕಿನ ಹಿಂಬದಿಯ ಮರಕ್ಕೆ ಸರಿಯಾಗಿ ಆನದಂತೆಯೂ ಮಾಡುತ್ತದೆ.

ಗಾಜಿನ ಅಗಲಕ್ಕಿಂತ ಹೆಚ್ಚು ಮುಖ್ಯವಾದುದು ಅದರ ಮೇಲಿನ ಲೇಪನ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಅಂಥ ಹತ್ತು ಮೇಲ್ಮೈಗಳನ್ನು ದಾಟುವಷ್ಟರಲ್ಲಿ ಮೂರನೆಯ ಒಂದು ಭಾಗ ಬೆಳಕು ನಷ್ಟವಾಗಿರುತ್ತದೆ. ಸ್ಕೋಪಿನೊಳಗೆ ಹತ್ತಕ್ಕಿಂತ ಹೆಚ್ಚು ಮೇಲ್ಮೈಗಳಿರುವುದು ಸಾಮಾನ್ಯ. 1935ರಲ್ಲಿ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ರೂಪಿಸಿದ ಪ್ರತಿಫಲನ ತಡೆಯುವ ಲೇಪನದಿಂದಲೇ ಇಂದಿನ ಸ್ಕೋಪುಗಳ ಈ ಹೊಳಪು ಸಾಧ್ಯವಾಯಿತು. ಪೆಟ್ಟಿಗೆಯ ಮೇಲೆ 'ಫುಲ್ಲಿ ಮಲ್ಟಿ ಕೋಟೆಡ್' ಎಂದು ಬರೆದಿದೆಯೇ ನೋಡಿ. ಎಲ್ಲ ಗಾಜುಗಳ ಎಲ್ಲ ಹೊರಮೈಗಳಿಗೂ ಹಲವು ಪದರಗಳ ಲೇಪನವಿದೆ ಎಂದು ಅದರ ಅರ್ಥ. ಬರೀ 'ಕೋಟೆಡ್' ಎಂದಿದ್ದರೆ ಅದು ಈ ಬೆಲೆಗೆ ತಕ್ಕ ವಸ್ತುವಲ್ಲ.

ಅಂಗಡಿಯಲ್ಲಿ ಗಾಜಿನ ಗುಣವನ್ನು ಪರೀಕ್ಷಿಸುವುದು ಹೇಗೆ?

ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲ ಸ್ಕೋಪುಗಳೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಅಂಗಡಿ ಮುಚ್ಚುವ ವೇಳೆಗೆ ಹೋಗಿ, ಅನುಮತಿ ಕೇಳಿ, ಬಂದೂಕಿಗೆ ಜೋಡಿಸದ ಎರಡು ಮೂರು ಸ್ಕೋಪುಗಳನ್ನು ಬಾಗಿಲಿನಾಚೆ ತಂದು ಒಂದೇ ಪಟ್ಟಿಗೆ ಇಟ್ಟುಕೊಂಡು ನೋಡಿ. ರಸ್ತೆಯಾಚೆಯ ಮರದ ನೆರಳಿನಲ್ಲಿರುವ ಕೊಂಬೆಗಳನ್ನು ಎಣಿಸಲು ಪ್ರಯತ್ನಿಸಿ. ನಂತರ ಮುಳುಗಿದ ಸೂರ್ಯನ ದಿಕ್ಕಿಗೆ ಹತ್ತಿರವಾಗಿ ತಿರುಗಿ, ದೃಶ್ಯದ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಬ್ಬು ಹರಡುತ್ತದೆಯೇ ಎಂದು ಗಮನಿಸಿ. ಸೂರ್ಯನಿರುವಾಗ ಅವನನ್ನು ನೇರವಾಗಿ ನೋಡಲೇಬಾರದು. ಕಣ್ಣು ಶಾಶ್ವತವಾಗಿ ಹೋಗುತ್ತದೆ.

30 ಮಿಲಿಮೀಟರ್ ಕೊಳವೆಯ ಸ್ಕೋಪು ಹೆಚ್ಚು ಬೆಳಕು ಕೊಡುತ್ತದೆಯೇ?

ಇಲ್ಲ. ಒಂದು ಅಂಗುಲದ ಕೊಳವೆಗಿಂತ ಅದು ಮುಖ್ಯವಾಗಿ ಮೇಲೆ ಕೆಳಗೆ ಹೊಂದಿಸುವ ಅವಕಾಶವನ್ನು ಹೆಚ್ಚಿಸುತ್ತದೆ, ತೂಕವನ್ನೂ ಹೆಚ್ಚಿಸುತ್ತದೆ. 300 ಗಜದೊಳಗಿನ ಬೇಟೆಗೆ ಒಂದು ಅಂಗುಲದ ಕೊಳವೆ ಸಾಕು.

ರೆಟಿಕಲ್‌ನಲ್ಲಿ ಸರಳ ಗೆರೆ ಒಳ್ಳೆಯದೋ, ದೂರಕ್ಕೆ ತಕ್ಕಂತೆ ಗುರುತುಗಳಿರುವುದು ಒಳ್ಳೆಯದೋ?

ಸ್ಕೋಪಿನೊಳಗೆ ಕಾಣುವ ಅಡ್ಡ ಮತ್ತು ಉದ್ದ ಗೆರೆಗಳನ್ನು ರೆಟಿಕಲ್ ಎನ್ನುತ್ತಾರೆ. ಹೊರಗಡೆ ದಪ್ಪವಾಗಿದ್ದು ನಡುವೆ ತೆಳುವಾಗುವ ಗೆರೆಗಳ ಡ್ಯೂಪ್ಲೆಕ್ಸ್ ರೆಟಿಕಲ್ಲನ್ನು ಲ್ಯೂಪೋಲ್ಡ್ ಸಂಸ್ಥೆ 1962ರಲ್ಲಿ ತಂದಿತು. ಮಬ್ಬು ಬೆಳಕಿನಲ್ಲಿ ತೆಳು ಗೆರೆ ಕರಗಿಹೋದರೂ ದಪ್ಪ ಗೆರೆಗಳು ಕಣ್ಣನ್ನು ನಡುವಿಗೆ ಕರೆದೊಯ್ಯುವುದರಿಂದ ಇಂದಿಗೂ ಬೇಟೆಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕೆಳಗಿನ ಗೆರೆಯ ಮೇಲೆ 300, 400, 500 ಗಜಗಳಿಗೆಂದು ಸಣ್ಣ ಗುರುತುಗಳಿರುವ ರೆಟಿಕಲ್‌ಗಳೂ ಈ ಬೆಲೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು ತೊಡಕಿದೆ. ರೆಟಿಕಲ್ ಎರಡನೆಯ ಫೋಕಲ್ ಪ್ಲೇನಿನಲ್ಲಿದ್ದರೆ (ಅಂದರೆ ಪಟ್ಟು ಬದಲಿಸಿದರೂ ಗೆರೆಗಳ ಗಾತ್ರ ಬದಲಾಗದಂತಿದ್ದರೆ), ಮಧ್ಯಮ ಬೆಲೆಯ ಬಹುತೇಕ ಬೇಟೆ ಸ್ಕೋಪುಗಳಲ್ಲಿ ಅದು ಇರುವುದು ಅಲ್ಲಿಯೇ, ಆ ಗುರುತುಗಳು ಒಂದೇ ಒಂದು ಪಟ್ಟಿನಲ್ಲಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ ಮಾತ್ರ ಸರಿಯಾಗಿರುತ್ತವೆ. ಒಂಬತ್ತರಲ್ಲಿ 400 ಗಜಕ್ಕೆ ಸರಿಹೊಂದುವ ಗುರುತು ಆರರಲ್ಲಿ ಬೇರೆಯೇ ದೂರಕ್ಕೆ ಹೊಂದುತ್ತದೆ. ಮೊದಲ ಫೋಕಲ್ ಪ್ಲೇನಿನ ಸ್ಕೋಪಿನಲ್ಲಿ ಈ ತೊಂದರೆಯಿಲ್ಲ, ಆದರೆ ಅಲ್ಲಿ ಕೆಳಗಿನ ಪಟ್ಟಿಗೆ ಇಳಿಸಿದಾಗ ಗೆರೆಗಳೂ ಸಣ್ಣದಾಗಿ ಕೂದಲೆಳೆಯಂತಾಗುತ್ತವೆ. ಮರಗಳ ನಡುವೆ, ಸಂಜೆ ಹೊತ್ತಿನಲ್ಲಿ, ಅತ್ಯಂತ ಬೇಕಾದಾಗಲೇ ಅವು ಕಾಣುವುದಿಲ್ಲ. ಹಾಗಾಗಿ ಬೇಟೆಗೆ ನಾನು ಎರಡನೆಯ ಫೋಕಲ್ ಪ್ಲೇನನ್ನೇ ಶಿಫಾರಸು ಮಾಡುತ್ತೇನೆ. ನಡುವೆ ಮಂದವಾಗಿ ಬೆಳಗುವ ಚುಕ್ಕಿಯಿದ್ದರೆ ಕಪ್ಪು ಮರಗಳ ಹಿನ್ನೆಲೆಯಲ್ಲಿ ನಿಜಕ್ಕೂ ಉಪಯುಕ್ತ. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿಟ್ಟುಕೊಳ್ಳಿ.

ಗುಂಡು ಎಷ್ಟು ಕೆಳಗಿಳಿಯುತ್ತದೆ? ಸ್ಕೋಪಿನ ಗುರಿ ಹೊಂದಿಸುವ ತಿರುಗಣೆ ತಿರುಗಿಸಿ ಹೊಡೆಯುವುದನ್ನು ಕಲಿಯಬೇಕೇ?

.30-06 ಎಂಬ ಅಳತೆಯ ಬಂದೂಕಿನಲ್ಲಿ 180 ಗ್ರೇನ್ ತೂಕದ ಗುಂಡನ್ನು 200 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದರೆ, 100 ಗಜದಲ್ಲಿ ಅದು ಸುಮಾರು ಎರಡು ಅಂಗುಲ ಮೇಲೆ ಬೀಳುತ್ತದೆ, 300 ಗಜದಲ್ಲಿ ಎಂಟೊಂಬತ್ತು ಅಂಗುಲ ಕೆಳಗೆ, 400ರಲ್ಲಿ ಸರಿಸುಮಾರು ಎರಡು ಅಡಿ ಕೆಳಗೆ. ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಅಗಲವಾದ ಊಟದ ತಟ್ಟೆಯಷ್ಟಿರುತ್ತದೆ. ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, 250 ಗಜದವರೆಗೆ ಏನನ್ನೂ ತಿರುಗಿಸದೆ ಎದೆಯ ನಡುವಿಗೇ ಗುರಿಯಿಟ್ಟರೆ ಸಾಕು ಎಂಬುದು ತಿಳಿಯುತ್ತದೆ. ಅದಕ್ಕಿಂತ ದೂರದಲ್ಲಿ, ಗಾಳಿ ಬೀಸುವ ಬೆಟ್ಟದ ಮೇಲೆ, ಏದುಸಿರು ಬಿಡುತ್ತ ಹೊಡೆಯುವವರು ಬೇಸಿಗೆಯಿಡೀ ಆ ದೂರದಲ್ಲಿ ಅಭ್ಯಾಸ ಮಾಡಿರಬೇಕು. ಗಾಯಗೊಂಡು ಕಣಿವೆಗೆ ಇಳಿದ ಎಲ್ಕ್ ಮರುದಿನ ಸಿಗದೇ ಹೋಗಬಹುದು, ಮತ್ತು ಆ ನೋವಿಗೆ ಗುಂಡು ಹಾರಿಸಿದವರೇ ಹೊಣೆ.

ತಿರುಗಣೆಯ ಪ್ರತಿ 'ಟಕ್'ಗೆ ಅಮೆರಿಕದ ಬೇಟೆ ಸ್ಕೋಪುಗಳಲ್ಲಿ ಸಾಮಾನ್ಯವಾಗಿ ಕಾಲು ಎಂ.ಒ.ಎ. (ಕೋನದ ಒಂದು ಅಳತೆ), ಅಂದರೆ 100 ಗಜದಲ್ಲಿ ಸುಮಾರು ಕಾಲು ಅಂಗುಲ ವ್ಯತ್ಯಾಸವಾಗುತ್ತದೆ. ಮಿಲ್ ಎಂಬ ಇನ್ನೊಂದು ಅಳತೆಯ ಲೆಕ್ಕದ ಸ್ಕೋಪಿನಲ್ಲಿ ಒಂದು ಟಕ್ಕಿಗೆ 100 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್. ಎರಡರಲ್ಲಿ ಯಾವುದಾದರೂ ಆದೀತು. ತಿರುಗಣೆ ಮತ್ತು ರೆಟಿಕಲ್ ಎರಡೂ ಒಂದೇ ಲೆಕ್ಕದಲ್ಲಿರಲಿ. ತಿರುಗಣೆಗೆ ಮುಚ್ಚಳವೋ ಬೀಗವೋ ಇರಲೇಬೇಕು. ಮುಚ್ಚಳವಿಲ್ಲದ ತಿರುಗಣೆ ಪೊದೆಗೋ ಚೀಲದ ಪಟ್ಟಿಗೋ ಸಿಕ್ಕು ತಿರುಗಿದ್ದು ಗುಂಡು ಹಾರಿದ ಮೇಲಷ್ಟೇ ಗೊತ್ತಾಗುತ್ತದೆ.

ಪ್ಯಾರಲಾಕ್ಸ್ ಹೊಂದಿಸುವ ಗುಂಡಿ ಬೇಕೇ?

ಕಣ್ಣು ನಡುವಿನಿಂದ ಪಕ್ಕಕ್ಕೆ ಸರಿದಾಗ ಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷವೇ ಪ್ಯಾರಲಾಕ್ಸ್. 100 ಗಜಕ್ಕೆ ಕಾರ್ಖಾನೆಯಲ್ಲೇ ಹೊಂದಿಸಿದ 40 ಮಿಲಿಮೀಟರ್ ಸ್ಕೋಪಿನಲ್ಲಿ, 300 ಗಜದ ಗುರಿಗೆ ಕಣ್ಣು ಅತಿ ಅಂಚಿನಲ್ಲಿದ್ದರೂ ತಪ್ಪು ಒಂದೂವರೆ ಅಂಗುಲದ ಆಸುಪಾಸು. ಎಲ್ಕ್ ಬೇಟೆಗೆ ಅದು ಲೆಕ್ಕಕ್ಕಿಲ್ಲ.

ಕನ್ನಡಕ ಹಾಕುವವರು ಏನನ್ನು ಗಮನಿಸಬೇಕು?

ಕಣ್ಣಿಗೂ ಸ್ಕೋಪಿಗೂ ನಡುವೆ ಪೂರ್ತಿ ದೃಶ್ಯ ಕಾಣುವ ಅಂತರವನ್ನು ಐ ರಿಲೀಫ್ ಎನ್ನುತ್ತಾರೆ. ಅದು ಮೂರೂವರೆಯಿಂದ ನಾಲ್ಕು ಅಂಗುಲ ಇರಬೇಕು, ಮತ್ತು ಪಟ್ಟು ಹೆಚ್ಚಿಸಿದಾಗಲೂ ತೀರಾ ಕುಗ್ಗಬಾರದು. .300 ವಿನ್‌ಚೆಸ್ಟರ್ ಮ್ಯಾಗ್ನಂನಂಥ ಬಂದೂಕಿನ ಒದೆತಕ್ಕೆ ಸ್ಕೋಪು ಹಿಂದೆ ಬಂದು ಹುಬ್ಬಿನ ಮೇಲೆ ಅರ್ಧಚಂದ್ರದಂತೆ ಗಾಯ ಮಾಡುವುದುಂಟು; ಮೇಲ್ಮುಖ ಇಳಿಜಾರಿಗೆ ಹೊಡೆಯುವಾಗ ಮುಖ ತಾನಾಗಿಯೇ ಮುಂದೆ ಸರಿಯುವುದರಿಂದ ಆ ಅಪಾಯ ಹೆಚ್ಚು. ನಿಮ್ಮ ಕನ್ನಡಕವನ್ನೂ ದಪ್ಪ ಚಳಿಯ ಕೋಟನ್ನೂ ಹಾಕಿಕೊಂಡೇ ಸ್ಕೋಪನ್ನು ಕೂರಿಸಿ. ಕೋಟಿಲ್ಲದೆ ಹೊಂದಿಸಿದ್ದು ನವೆಂಬರ್‌ನಲ್ಲಿ ಹೊಂದುವುದಿಲ್ಲ.

ಸ್ಕೋಪು ಝೀರೋ ಕಳೆದುಕೊಳ್ಳುವುದು ಎಂದರೇನು? ಅದನ್ನು ಮೊದಲೇ ತಿಳಿಯಬಹುದೇ?

ಹೊಂದಿಸಿಟ್ಟ ಗುರಿ ಒದೆತದಿಂದಲೋ ಕುಲುಕಾಟದಿಂದಲೋ ಸರಿದುಹೋಗುವುದೇ ಅದು. ಸ್ಕೋಪಿನ ದೋಷಗಳಲ್ಲೆಲ್ಲ ಇದೇ ಕೆಟ್ಟದ್ದು, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಗಾಜು ಎಷ್ಟೇ ಹೊಳೆಯುತ್ತಿದ್ದರೂ ಗುಂಡು ಬೇರೆಡೆ ಹೋಗುತ್ತಿರುತ್ತದೆ. ಒಮ್ಮೆ ಹದಿನೈದು ಮೈಲಿ ಕಲ್ಲುದಾರಿಯಲ್ಲಿ ಪಿಕಪ್ ಗಾಡಿಯಲ್ಲಿ ಹೋಗಿ, ಶಿಬಿರದಲ್ಲಿ ಸುಮ್ಮನೆ ಖಾತ್ರಿಗೆಂದು ಕಾಗದದ ತಟ್ಟೆಗೆ ಒಂದು ಗುಂಡು ಹೊಡೆದೆ. 100 ಗಜದಲ್ಲಿ ಗುಂಡು ಏಳು ಅಂಗುಲ ಎಡಕ್ಕೆ ಬಿದ್ದಿತ್ತು. ತಿರುಪುಗಳೆಲ್ಲ ಬಿಗಿಯಾಗಿದ್ದವು, ಒಳಗಿನ ಸ್ಪ್ರಿಂಗು ಸೋತಿತ್ತು. ಆ ಒಂದು ತೋಟಾ ಖರ್ಚು ಮಾಡದಿದ್ದರೆ ಮರುದಿನ ಬೆಳಿಗ್ಗೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ. ಅಂದಿನಿಂದ ಶಿಬಿರ ತಲುಪಿದ ಕೂಡಲೇ, ಅನುಮತಿಯಿರುವ ಸುರಕ್ಷಿತ ಜಾಗದಲ್ಲಿ, ಒಂದು ಗುಂಡು ಹೊಡೆದು ನೋಡದೆ ನಾನು ಬೇಟೆಗೆ ಹೊರಡುವುದಿಲ್ಲ.

ಕೊಂಡ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಒಂದು ಪರೀಕ್ಷೆ ಮಾಡಿ. ಗುಂಡು ಹೊಡೆಯುವ ರೇಂಜಿನಲ್ಲಿ ಬಂದೂಕನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು, 100 ಗಜದ ಗುರಿಯ ನಡುವಿಗೆ ಮೂರು ಗುಂಡು ಹೊಡೆಯಿರಿ. ತಿರುಗಣೆಯನ್ನು 20 ಟಕ್ ಮೇಲಕ್ಕೆ ತಿರುಗಿಸಿ ಅದೇ ನಡುವಿಗೆ ಗುರಿಯಿಟ್ಟು ಮತ್ತೆ ಹೊಡೆಯಿರಿ. ನಂತರ 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ. ಕಾಲು ಎಂ.ಒ.ಎ. ಸ್ಕೋಪಿನಲ್ಲಿ ಗುಂಡಿನ ತೂತುಗಳು ಐದಂಗುಲದ ಚೌಕವನ್ನು ಬರೆದು, ಕೊನೆಯವು ಮೊದಲಿನವುಗಳ ಮೇಲೆಯೇ ಬಂದು ಕೂರಬೇಕು. ಕೂರದಿದ್ದರೆ ಗಾಜು ಎಷ್ಟೇ ಚೆಂದವಿದ್ದರೂ ವಾಪಸ್ಸು ಕೊಟ್ಟುಬಿಡಿ.

ಕೂರಿಸುವ ಕೆಲಸವನ್ನು ಮನೆಯಲ್ಲೇ ಮಾಡಬಹುದೇ?

ಖಂಡಿತ ಮಾಡಬಹುದು, ಆದರೆ ತಿರುಚುವ ಬಲವನ್ನು (ಟಾರ್ಕ್) ಅಳೆಯುವ ಸ್ಕ್ರೂಡ್ರೈವರ್ ಇರಬೇಕು. ಮೊಟ್ಟಮೊದಲು ಬಂದೂಕಿನಲ್ಲಿ ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಳ್ಳಿ. ತಳಪಟ್ಟಿಯ ತಿರುಪುಗಳ ಎಣ್ಣೆಯನ್ನು ಒರೆಸಿ ಬಿಗಿಯಿರಿ. ಸ್ಕೋಪನ್ನು ಹಿಡಿಯುವ ಉಂಗುರಗಳ ತಿರುಪುಗಳಿಗೆ ಅನೇಕ ತಯಾರಕರು 15ರಿಂದ 18 ಇಂಚು-ಪೌಂಡ್ ಹೇಳುತ್ತಾರೆ. ನಿಮ್ಮ ಉಂಗುರದ ಚೀಟಿಯಲ್ಲಿ ಏನಿದೆಯೋ ಅದನ್ನೇ ಪಾಲಿಸಿ. ಕೈಯ ಅಂದಾಜಿನಲ್ಲಿ ಬಿಗಿದವರು ಕೊಳವೆಯನ್ನೇ ಹಿಸುಕಿರುವುದನ್ನು ನೋಡಿದ್ದೇನೆ. 500 ಡಾಲರ್ ಸ್ಕೋಪಿಗೆ 20 ಡಾಲರ್ ಉಂಗುರ ಹಾಕುವುದು ತಪ್ಪು ಉಳಿತಾಯ.

ಹಿಮ, ಚಳಿ, ಮಂಜಿಗೆ ಸ್ಕೋಪು ತಡೆಯುತ್ತದೆಯೇ?

ಒಳಗಿನ ಗಾಳಿಯನ್ನು ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಮುಚ್ಚಿದ ಸ್ಕೋಪಿನ ಒಳಗಾಜು ಮಂಜುಗಟ್ಟುವುದಿಲ್ಲ. ಈ ಬೆಲೆಯಲ್ಲಿ ಎಲ್ಲವೂ ಹಾಗೆಯೇ ಇರುತ್ತವೆ. ಹೊರಗಾಜಿನ ಮಂಜು ಮಾತ್ರ ನಮ್ಮದೇ ತಪ್ಪಿನಿಂದ ಬರುವುದು: ರಾತ್ರಿ ಬಂದೂಕನ್ನು ಬೆಚ್ಚನೆಯ ಗುಡಾರದೊಳಗೆ ತಂದರೆ ಗಾಜಿನ ಮೇಲೆ ತೇವ ಕೂರುತ್ತದೆ, ಬೆಳಿಗ್ಗೆ ಹೊರಗೆ ಒಯ್ದಾಗ ಅದು ಹೆಪ್ಪುಗಟ್ಟುತ್ತದೆ. ಗುಂಡು ತೆಗೆದ ಬಂದೂಕನ್ನು ಬೀಗ ಹಾಕಿದ ತಣ್ಣನೆಯ ಗಾಡಿಯಲ್ಲೇ ಇಡುವುದು ಮೇಲು. ನಡೆಯುವಾಗ ಉಸಿರು ಗಾಜಿಗೆ ತಾಗದಿರಲಿ.

ಯಾವ ಕಂಪನಿಯದನ್ನು ಕೊಳ್ಳಲಿ?

ಒಂದೇ ಹೆಸರು ಹೇಳಿ ಎಂದು ಕೇಳುವವರಿಗೆ ನಿರಾಸೆಯಾಗಬಹುದು. ಆರೆಗಾನ್ ರಾಜ್ಯದ ಬೀವರ್ಟನ್‌ನ ಲ್ಯೂಪೋಲ್ಡ್‌ನವರ ವಿಎಕ್ಸ್-3ಎಚ್‌ಡಿ ಹಗುರವಾಗಿರುತ್ತದೆ; 10,000 ಅಡಿ ಎತ್ತರದಲ್ಲಿ ದಿನವಿಡೀ ಹತ್ತಿಳಿಯುವವರಿಗೆ ನೂರು ಗ್ರಾಂ ಕೂಡ ದೊಡ್ಡದೇ. ನಮ್ಮ ಕೊಲರಾಡೊದ ಗ್ರೀಲಿಯಲ್ಲಿರುವ ಬರಿಸ್‌ನವರ ಫುಲ್‌ಫೀಲ್ಡ್, ವಿಸ್ಕಾನ್ಸಿನ್‌ನ ವೋರ್ಟೆಕ್ಸ್‌ನವರ ವೈಪರ್, ಚೆಕ್ ದೇಶದ ಮಿಯೋಪ್ಟಾ, ಟ್ರಿಜಿಕಾನ್‌ನವರ ಹ್ಯೂರಾನ್, ಇವೆಲ್ಲವೂ ಈ ಬೆಲೆಯ ಸುತ್ತಮುತ್ತ ನೋಡತಕ್ಕವು. ಲ್ಯೂಪೋಲ್ಡ್ ಮತ್ತು ವೋರ್ಟೆಕ್ಸ್ ಎರಡೂ ಸ್ಕೋಪಿನ ಮೊದಲ ಮಾಲೀಕರು ಯಾರೆಂದು ಕೇಳದೆ ಜೀವಮಾನದ ಖಾತರಿ ಕೊಡುವುದರಿಂದ ಅವುಗಳನ್ನು ಹಳೆಯದಾಗಿ ಕೊಂಡರೂ ಭಯ ಕಡಿಮೆ. ಇಂಥ ಖಾತರಿ ಸ್ಕೋಪನ್ನು ಮರಳಿ ಕೊಡುತ್ತದೆ, ಕಳೆದುಹೋದ ಬೇಟೆಯ ವಾರವನ್ನು ಕೊಡುವುದಿಲ್ಲ. ಮೇಲೆ ಹೇಳಿದ ಚೌಕದ ಪರೀಕ್ಷೆಯನ್ನು ಬಿಡಬೇಡಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಮುಟ್ಟಬಹುದೇ?

ವಲಸೆಯೇತರ ವೀಸಾದಲ್ಲಿರುವವರು ಬಂದೂಕಾಗಲಿ ತೋಟಾಗಳಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ಅದರಲ್ಲಿ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ತಪ್ಪಿದರೆ ವೀಸಾಕ್ಕೇ ಕುತ್ತು ಬರುವ ವಿಷಯವಾದ್ದರಿಂದ ಮೊದಲು ವಲಸೆ ವಕೀಲರನ್ನು ಕೇಳಿ, ನಂತರ ಸ್ಕೋಪು ನೋಡಿ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಕೊಲರಾಡೊದಲ್ಲಿ ಬೇಟೆ ಶಿಕ್ಷಣದ ತರಬೇತಿಯನ್ನೂ ಪಡೆದಿರಬೇಕು.

ಊರಿಗೆ ಹೋದಾಗ ಇದು ಉಪಯೋಗಕ್ಕೆ ಬರುತ್ತದೆಯೇ?

ಬೇಟೆಗೆ ಬರುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧ, ಅದು ಸರಿಯಾದದ್ದೇ ಎಂದು ನಾನು ನಂಬಿದ್ದೇನೆ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇಟೆಗೆ ಕೊಟ್ಟ ಅನುಮತಿಯಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ನಮ್ಮಲ್ಲಿ ಯಾರೂ ಸ್ಕೋಪು ಬಳಸುತ್ತಿರಲಿಲ್ಲ. ಉಸಿರು ಹಿಡಿದು ಕೋವಿಯ ಕುದುರೆಯನ್ನು (ಟ್ರಿಗರ್) ಮೆಲ್ಲಗೆ ಎಳೆಯುವ ಆ ಅಭ್ಯಾಸ ಮಾತ್ರ ಇಲ್ಲಿ ನನಗೆ ಪ್ರತಿ ವರ್ಷವೂ ಉಪಯೋಗಕ್ಕೆ ಬಂದಿದೆ.

ಸ್ಕೋಪಿನಲ್ಲೇ ದೂರದ್ದೆಲ್ಲ ಕಾಣುವಾಗ ಬೇರೆ ದುರ್ಬೀನು ಏಕೆ?

ಸ್ಕೋಪನ್ನು ತಿರುಗಿಸಿದ ಕಡೆಗೆಲ್ಲ ನಳಿಗೆಯೂ ತಿರುಗುತ್ತದೆ. ಒಂದು ಸಂಜೆ ಹುಲ್ಲುಗಾವಲಿನಾಚೆ, ಬಿದ್ದ ಮರದ ಪಕ್ಕದಲ್ಲಿ, ಕಂದು ಬಣ್ಣದ ಏನೋ ಒಂದು ಅಲುಗಿದ್ದು ಕಂಡಿತು. 10×42 ದುರ್ಬೀನಿನಲ್ಲಿ ನೋಡಿದೆ. ಕಂದು ಸ್ವೆಟರ್ ಹಾಕಿದ ಒಬ್ಬ ಮನುಷ್ಯ ಕುಳಿತು ಬ್ರೆಡ್ ತಿನ್ನುತ್ತಿದ್ದ. ಕಾನೂನು ಪ್ರಕಾರ ಮೈಮೇಲೆ ಇರಬೇಕಾದ ಕಿತ್ತಳೆ ಬಣ್ಣದ ಅಂಗಿಯನ್ನು ಸೆಕೆಯೆಂದು ಬಿಚ್ಚಿ ಪಕ್ಕದಲ್ಲಿ ಮಡಚಿಟ್ಟಿದ್ದ. ಬಂದೂಕು ಅಷ್ಟು ಹೊತ್ತೂ ನನ್ನ ಬೆನ್ನ ಮೇಲಿತ್ತು. ಕೈಯಲ್ಲಿರುವ ಹಣ ಎರಡಕ್ಕೂ ಸಾಲದಿದ್ದರೆ ಸ್ಕೋಪಿನ ಬೆಲೆಯಲ್ಲಿ ನೂರಿನ್ನೂರು ಡಾಲರ್ ಕಡಿಮೆ ಮಾಡಿಯಾದರೂ ದುರ್ಬೀನನ್ನು ಕೊಳ್ಳಿ.